ಅಂಟು ಕೂಗಿದ ಒಂದು ಪದ

ಅವಳಿಗೆ ಅಂಟು ಎಂಬ ಹೆಸರು ಬಿದ್ದದ್ದು ಆರನೆಯ ವಯಸ್ಸಿನಲ್ಲಿ. ಇಟ್ಟವನು ಅವಳ ಅಪ್ಪ. ಅಪ್ಪ ವಾಹನಗಳ ಸೀಟು ಹೊಲಿಯುವವನು. ಬಸ್ಸು, ವ್ಯಾನು, ಟ್ಯಾಕ್ಸಿ, ಒಮ್ಮೊಮ್ಮೆ ಹಲ್ಲಿನ ಡಾಕ್ಟರರ ಕುರ್ಚಿ, ಒಟ್ಟಿನಲ್ಲಿ ಮನುಷ್ಯ ಕೂರುವಂಥದ್ದು ಏನಿದ್ದರೂ ಅದಕ್ಕೆ ಸ್ಪಂಜು ತುಂಬಿ, ರೆಕ್ಸಿನ್ ಹೊದಿಸಿ, ಅಂಚು ಹೊಲಿದು ಕೊಡುವುದು ಅವನ ಕಸುಬು. ಮನೆಯ ಮುಂಭಾಗವೇ ಅಂಗಡಿ. ಅಂಗಡಿಯ ಮೇಲೊಂದು ಅಟ್ಟ, ಅಟ್ಟದ ತುಂಬ ದಾರದ ಉರುಳೆಗಳು ಮತ್ತು ಸ್ಪಂಜಿನ ತುಂಡುಗಳು. ಅಪ್ಪ ಏಣಿ ಹತ್ತಿ ಬೇಕಾದ್ದನ್ನು ಹುಡುಕುತ್ತಿದ್ದ, ಆದರೆ ಅದನ್ನು ಹಿಡಿದುಕೊಂಡು ಇಳಿಯಲು ಅವನಿಗೆ ಮೈಗಳ್ಳತನ. ಕೆಳಗೆ ನಿಂತ ಮಗಳತ್ತ ಎಸೆದುಬಿಡುತ್ತಿದ್ದ. ಮಗಳು ಹಿಡಿಯುತ್ತಿದ್ದಳು. ಎಡಕ್ಕೆ ಎಸೆದರೂ ಹಿಡಿದಳು, ಬಲಕ್ಕೆ ಎಸೆದರೂ ಹಿಡಿದಳು, ಒಂದು ದಿನ ಬೆನ್ನು ತಿರುಗಿಸಿ ನಿಂತಿದ್ದಾಗ ಕೈತಪ್ಪಿ ಬಿದ್ದ ಕತ್ತರಿಯ ಡಬ್ಬವನ್ನೂ ಹಿಡಿದಳು. ಇವಳ ಕೈಗೆ ಹುಟ್ಟುತ್ತಲೇ ಅಂಟು ಮೆತ್ತಿ ಕಳಿಸಿದ್ದಾರೆ ಎಂದು ಅಪ್ಪ ಬಂದ ಗಿರಾಕಿಗಳಿಗೆಲ್ಲ ಹೇಳಿಕೊಂಡು ತಿರುಗಿದ. ಸ್ಪಂಜು ಮೆತ್ತಲು ಇಟ್ಟ ಅಂಟಿನ ಡಬ್ಬ ಪಕ್ಕದಲ್ಲೇ ಇದ್ದದ್ದರಿಂದ ಹೆಸರೂ ಗಟ್ಟಿಯಾಗಿ ಅಂಟಿಕೊಂಡಿತು.

ಅಮ್ಮ ನಗರದ ಬಸ್ಸು ಓಡಿಸುವವಳು. ಗಂಡ ಹೊಲಿದ ಸೀಟಿನ ಮೇಲೆ ದಿನಕ್ಕೆ ಎಂಟು ಗಂಟೆ ಕೂತು, ಸಂಜೆ ಬಂದು ಅದರ ತಪ್ಪುಗಳನ್ನೆಲ್ಲ ಅವನಿಗೇ ಒಪ್ಪಿಸುತ್ತಿದ್ದಳು. ಬೆನ್ನಿನ ಹತ್ತಿರ ಗಂಟು, ತೊಡೆಯ ಹತ್ತಿರ ತಗ್ಗು. ಅಪ್ಪ ಕೇಳಿಸಿಕೊಂಡು, ನಾಳೆ ನೋಡೋಣ ಎನ್ನುತ್ತಿದ್ದ. ಆ ನಾಳೆ ಹದಿನಾರು ವರ್ಷವಾದರೂ ಬಂದಿರಲಿಲ್ಲ.

ಅಂಟು ಫುಟ್‌ಬಾಲಿಗೆ ಬಂದದ್ದು ರಸಾಯನಶಾಸ್ತ್ರದ ದಾರಿಯಿಂದ. ಅವಳಿಗೆ ಹದಿಮೂರು ವರ್ಷವಿದ್ದಾಗ ಶಾಲೆಯ ಪ್ರಯೋಗಾಲಯದಲ್ಲಿ ಮೇಷ್ಟ್ರು ಏನೋ ಬಣ್ಣ ಬದಲಾಗುವುದನ್ನು ತೋರಿಸುತ್ತಿದ್ದರು. ಮೇಜಿನ ಮೇಲಿದ್ದ ಗಾಜಿನ ಫ್ಲಾಸ್ಕು ಉರುಳಿತು. ಮೂವತ್ತು ಹುಡುಗಿಯರೂ ಹಿಂದಕ್ಕೆ ಹಾರಿದರು, ಇವಳೊಬ್ಬಳು ಎಡಗೈ ಚಾಚಿ ಅದನ್ನು ನೆಲಕ್ಕೆ ಒಂದು ಗೇಣು ಮೇಲೆ ಹಿಡಿದು, ಒಂದು ಹನಿಯೂ ಚೆಲ್ಲದಂತೆ ಮೇಜಿನ ಮೇಲಿಟ್ಟಳು. ಮೇಷ್ಟ್ರು ಪಾಠ ಅಲ್ಲಿಗೇ ನಿಲ್ಲಿಸಿದರು. ಶಾಲೆಯ ಹುಡುಗಿಯರ ತಂಡವನ್ನು ನೋಡಿಕೊಳ್ಳುವವರೂ ಅವರೇ, ಮತ್ತು ಆ ತಂಡಕ್ಕೆ ಎರಡು ತಿಂಗಳಿಂದ ಗೋಲ್‌ಕೀಪರ್ ಇರಲಿಲ್ಲ. ಸಂಜೆ ಮೈದಾನಕ್ಕೆ ಬಾ ಎಂದರು.

ಮೇಷ್ಟ್ರು ಜನ್ಮದಲ್ಲಿ ಫುಟ್‌ಬಾಲ್ ಆಡಿದವರಲ್ಲ. ಕ್ರೀಡಾ ಶಿಕ್ಷಕರು ವರ್ಗವಾಗಿ ಹೋದಾಗ ಬೇರೆ ಯಾರೂ ಒಪ್ಪಲಿಲ್ಲವೆಂದು ಇವರು ಒಪ್ಪಿದ್ದರು. ಗ್ರಂಥಾಲಯದಲ್ಲಿ ಒಂದು ಹಳೆಯ ಪುಸ್ತಕ ಸಿಕ್ಕಿತು, ಅದರ ಮೊದಲ ಮೂವತ್ತು ಪುಟ ಇರಲಿಲ್ಲ. ಉಳಿದದ್ದನ್ನು ಓದಿ, ಇಲ್ಲದ್ದನ್ನು ತಾವೇ ಊಹಿಸಿ, ಹುಡುಗಿಯರಿಗೆ ಕಲಿಸಿದರು. ಮೈದಾನದಲ್ಲಿ ಕೂಗುವ ಪದಗಳೂ ಅವರದೇ ಸೃಷ್ಟಿ. ಚೆಂಡು ತನ್ನದು, ಬೇರೆಯವರು ಮುಟ್ಟಬೇಡಿ ಎನ್ನಲು ‘ನಂದು’. ಚೆಂಡನ್ನು ಇಟ್ಟುಕೊಳ್ಳದೆ ಬಲವೆಲ್ಲ ಹಾಕಿ ದೂರಕ್ಕೆ ಒದ್ದುಬಿಡು ಎನ್ನಲು ‘ಬಿಡು’. ಬಾಣ ಬಿಡುವುದಿಲ್ಲವೇ, ರಾಕೆಟ್ ಬಿಡುವುದಿಲ್ಲವೇ, ಹಾಗೆ ಚೆಂಡನ್ನೂ ಬಿಡಬೇಕು ಎಂಬುದು ಅವರ ವಾದ. ನಾಲ್ಕು ವರ್ಷದಿಂದ ಶಾಲೆಯ ಹುಡುಗಿಯರ ಕಾಲಿಗೆ ಆ ಪದ ಎಷ್ಟು ಒಗ್ಗಿತ್ತೆಂದರೆ, ತರಗತಿಯಲ್ಲಿ ಯಾರಾದರೂ ಬಿಡೇ ಎಂದರೆ ಬೆಂಚಿನ ಕೆಳಗೆ ಯಾರದೋ ಚೀಲಕ್ಕೆ ಒದೆ ಬೀಳುತ್ತಿತ್ತು.

ಆ ಒದೆ ಹೆಚ್ಚಾಗಿ ಕಂಬನದು. ಕಂಬ ಎಂದರೆ ತಂಡದ ರಕ್ಷಣೆಯ ನಡುವೆ ಆಡುವ ಹುಡುಗಿ, ಅಂಟುವಿನ ಪಕ್ಕದ ಬೆಂಚಿನವಳು. ತರಗತಿಯ ಬಾಗಿಲಲ್ಲಿ ತಲೆ ಬಗ್ಗಿಸಿ ಬರುವಷ್ಟು ಎತ್ತರ, ಮಾತು ಕಡಿಮೆ. ಅಂಟು ಗೋಲಿನ ಮುಂದೆ ನಿಂತರೆ ಅವಳ ಮುಂದೆ ಕಂಬ. ಶಾಲೆಯಿಂದ ಮನೆಗೂ ಇಬ್ಬರೂ ಹಾಗೆಯೇ ನಡೆಯುತ್ತಿದ್ದರು, ಕಂಬ ಎರಡು ಹೆಜ್ಜೆ ಮುಂದೆ, ಅಂಟು ಹಿಂದಿನಿಂದ ಮಾತಾಡುತ್ತ.

ಹದಿನೈದಕ್ಕೆ ಕ್ಲಬ್ಬಿನವರ ಕಣ್ಣು ಅವಳ ಮೇಲೆ ಬಿತ್ತು. ಊರಿನ ಆಚೆ ತುದಿಯಲ್ಲಿದ್ದ ಆ ಕ್ಲಬ್ಬಿಗೆ ಸೇರಲು ನೂರಾರು ಹುಡುಗಿಯರು ಬರುತ್ತಿದ್ದರು, ತೆಗೆದುಕೊಳ್ಳುತ್ತಿದ್ದದ್ದು ಹದಿನೆಂಟು ಜನರನ್ನು. ಎರಡು ಬಸ್ಸು ಬದಲಿಸಿ ಹೋಗಬೇಕು. ಅಲ್ಲಿನ ಹುಲ್ಲು ಕತ್ತರಿಸಿದ ತಲೆಗೂದಲಿನ ಹಾಗೆ ಒಂದೇ ಸಮ. ಅವಳ ಶಾಲೆಯ ಮೈದಾನದಲ್ಲಿ ಬಲಗಡೆಯ ಗೋಲಿನ ಮುಂದೆ ಒಂದು ತಗ್ಗಿತ್ತು, ಅಲ್ಲಿ ಚೆಂಡು ಬಿದ್ದರೆ ಅದು ಯಾವ ಕಡೆ ಹೋಗುತ್ತದೆಂದು ಚೆಂಡಿಗೂ ಗೊತ್ತಿರುತ್ತಿರಲಿಲ್ಲ. ಕ್ಲಬ್ಬಿನಲ್ಲಿ ಅಂಥ ಆಟವೇ ಇಲ್ಲ. ಅಲ್ಲಿ ಎಲ್ಲವೂ ಅಳತೆ, ಗಡಿಯಾರ, ಪಟ್ಟಿ.

ಕ್ಲಬ್ಬಿನ ಕೋಚ್ ಒಬ್ಬ ಹೆಂಗಸು, ಹಿಂದೆ ದೊಡ್ಡ ಗೋಲ್‌ಕೀಪರ್ ಆಗಿದ್ದವಳು. ಎಂದೋ ಚೆಂಡು ತಗುಲಿ ಅವಳ ಬಲಗೈ ಕಿರುಬೆರಳು ಬಾಗಿಯೇ ಉಳಿದಿತ್ತು, ಹಾಗಾಗಿ ಹುಡುಗಿಯರು ಬೆನ್ನ ಹಿಂದೆ ಅವಳನ್ನು ಕೊಕ್ಕೆ ಮೇಡಂ ಎನ್ನುತ್ತಿದ್ದರು. ಕೊಕ್ಕೆ ಮೇಡಂಗೆ ಮಾತೆಂದರೆ ಕೆಲಸದ ಉಪಕರಣ. ಮೈದಾನದಲ್ಲಿ ಒಂದು ಪದಕ್ಕೆ ಒಂದೇ ಅರ್ಥ ಇರಬೇಕು ಎಂದು ಮೊದಲ ದಿನವೇ ಪಟ್ಟಿ ಬಾಯಿಪಾಠ ಮಾಡಿಸಿದಳು. ಆ ಪಟ್ಟಿಯಲ್ಲಿ ‘ಬಿಡು’ ಗೋಲ್‌ಕೀಪರಳ ಪದ. ಅವಳು ಬಿಡು ಎಂದರೆ ಎಲ್ಲರೂ ಚೆಂಡನ್ನು ಮುಟ್ಟದೆ ಪಕ್ಕಕ್ಕೆ ಸರಿಯಬೇಕು, ಚೆಂಡು ಅವಳ ಪಾಲು. ‘ನಂದು’ ಎಂಬ ಪದ ಅಲ್ಲಿ ನಿಷಿದ್ಧ. ಅದು ಯಾರು ಬೇಕಾದರೂ ಹೇಳುವ ಪದ, ಎದುರಾಳಿಯೂ ಕೂಗಬಹುದು ಎಂದು ಮೇಡಂ ವಿವರಿಸಿದಳು. ಅಂಟು ಪಟ್ಟಿಯನ್ನು ಒಂದೇ ಸಂಜೆಯಲ್ಲಿ ಕಲಿತಳು. ಅಲ್ಲಿ ಕೂಗುವುದು ಬೇರೆ, ಇಲ್ಲಿ ಕೂಗುವುದು ಬೇರೆ, ಅಷ್ಟೇ ತಾನೆ ಎಂದುಕೊಂಡಳು. ಚಪ್ಪಲಿ ಬಿಟ್ಟು ಬೂಟು ಹಾಕಿಕೊಂಡರೆ ಕಾಲು ಗಲಿಬಿಲಿಯಾಗುತ್ತದೆಯೇ?

ಎರಡರಲ್ಲಿ ಒಂದನ್ನು ಆರಿಸಿಕೋ ಎಂದು ಬುದ್ಧಿ ಹೇಳಲು ಬಂದವರಿಗೇನೂ ಬರವಿರಲಿಲ್ಲ. ಇಂಥವರು ಸಾಮಾನ್ಯವಾಗಿ ಒಂದನ್ನೂ ನೆಟ್ಟಗೆ ಮಾಡಿದವರಲ್ಲ. ಹೈಸ್ಕೂಲಿನ ಕೊನೆಯ ವರ್ಷ ಎಂದರು, ಮೊಣಕಾಲು ಹಾಳಾಗುತ್ತದೆ ಎಂದರು, ಕ್ಲಬ್ಬಿನ ಹುಲ್ಲು ತುಳಿದವಳಿಗೆ ಶಾಲೆಯ ತಗ್ಗು ಯಾಕೆ ಎಂದರು. ಅಮ್ಮ ಮಾತ್ರ ಬುದ್ಧಿ ಹೇಳಲಿಲ್ಲ, ಕೇಳಿದಳು. ಎರಡೂ ಯಾಕೆ ಬೇಕು ನಿಂಗೆ, ಸರಿಯಾಗಿ ಹೇಳು ಎಂದಳು.

"ಅಲ್ಲಿ ಆಡಿದ್ರೆ ಆಟ ಬರುತ್ತೆ," ಎಂದಳು ಅಂಟು. "ಇಲ್ಲಿ ಆಡಿದ್ರೆ ಆಡಿದ ಹಾಗಾಗುತ್ತೆ. ಒಂದಿಲ್ದೆ ಇನ್ನೊಂದು ನಂಗೆ ಬೇಡ."

ಅಮ್ಮನಿಗೆ ಅಷ್ಟು ಸಾಕಾಯಿತು. ಆದರೆ ಇಬ್ಬರು ಗುರುಗಳಿಗೆ ಸಾಕಾಗಲಿಲ್ಲ. ಕ್ಲಬ್ಬಿನ ಹುಡುಗಿಯರು ಶಾಲೆಗೆ ಆಡಬೇಕಾದರೆ ಅನುಮತಿ ಪತ್ರ ಬೇಕು. ಕೊಕ್ಕೆ ಮೇಡಂ ಪತ್ರಕ್ಕೆ ಸಹಿ ಹಾಕಿ, ಒಂದು ಅಭ್ಯಾಸ ತಪ್ಪಿದರೂ ಇದನ್ನು ಹರಿದು ಹಾಕುವುದಾಗಿ ತಣ್ಣಗೆ ತಿಳಿಸಿದಳು. ರಸಾಯನದ ಮೇಷ್ಟ್ರಿಗೆ ಬೇರೆ ಚಿಂತೆ. ಹುಡುಗಿ ದೊಡ್ಡ ಕಡೆ ಹೋಗಿ ಸಣ್ಣ ಕಡೆಯವರನ್ನು ಮರೆಯುತ್ತಾಳೆ, ಅವಳ ಮರೆವಿಗೆ ಉಳಿದ ಹತ್ತು ಜನ ದಂಡ ತೆರಬೇಕಾಗುತ್ತದೆ ಎಂಬ ಭಯ. ಅವರು ಅವಳನ್ನು ಪ್ರಯೋಗಾಲಯಕ್ಕೆ ಕರೆಸಿದರು.

"ಕೆಲವು ದ್ರಾವಣ ಬೆರೆತ್ರೂ ಏನೂ ಆಗಲ್ಲ, ಕೆಲವು ಸಿಡೀತಾವೆ. ಬೆರೆಸೋ ತನಕ ಗೊತ್ತಾಗಲ್ಲ," ಎಂದರು. "ನಿನ್ನ ಎರಡು ತಂಡ ನನ್ನ ಮೈದಾನದಲ್ಲಿ ಕಲಸಿಹೋದ ದಿನ ನೀನೇ ಬಂದು ಹೇಳ್ಬೇಕು. ಅವತ್ತೇ ಒಂದನ್ನ ಆರಿಸ್ಕೋಬೇಕು. ಒಪ್ಪಂದಾನಾ?"

"ಒಪ್ಪಂದ ಸರ್. ಆ ದಿನ ಬರಲ್ಲ," ಎಂದಳು ಅಂಟು. ಹೇಳುವಾಗ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಅಂಗಡಿಯ ಗೋಡೆಯ ಮೇಲೆ, ಅಪ್ಪ ರೆಕ್ಸಿನ್ನಿಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ವಾರದ ಪಟ್ಟಿ ಎದ್ದಿತು. ಬಿಳಿಯಲ್ಲಿ ಬರೆದದ್ದು ಶಾಲೆ, ನೀಲಿಯಲ್ಲಿ ಬರೆದದ್ದು ಕ್ಲಬ್ಬು. ಸೋಮ, ಬುಧ, ಶುಕ್ರ ನೀಲಿ. ಮಂಗಳ, ಗುರು ಬಿಳಿ. ಶನಿವಾರ ಯಾವುದು ಗೆದ್ದರೆ ಅದು. ಭಾನುವಾರ ಬೆಳಿಗ್ಗೆ ಮತ್ತೆ ನೀಲಿ. ನಡುವೆ ಸಿಕ್ಕ ಜಾಗದಲ್ಲಿ ಗಣಿತ. ಬಸ್ಸಿನಲ್ಲಿ ಪಾಠ ಓದುವುದು, ಎರಡನೆಯ ಬಸ್ಸಿನಲ್ಲಿ ಸಾಕ್ಸು ಬದಲಿಸುವುದು, ಇಳಿಯುವ ಮುಂಚೆ ಬಾಳೆಹಣ್ಣು ಮುಗಿಸುವುದು ಅವಳಿಗೆ ಕರತಲಾಮಲಕವಾಯಿತು. ಕೈಗವಸು ಹರಿದರೆ ಅಪ್ಪ ಸೀಟಿನ ರೆಕ್ಸಿನ್ ತೇಪೆ ಹಾಕುತ್ತಿದ್ದ. ಕ್ಲಬ್ಬಿನ ಹುಡುಗಿಯರು ಅದನ್ನು ನೋಡಿ ಇದು ಯಾವ ಕಂಪನಿಯದು ಎಂದು ಕೇಳಿದರೆ, ಇಪ್ಪತ್ತೆರಡನೇ ನಂಬರ್ ಬಸ್ಸಿಂದು ಎನ್ನುತ್ತಿದ್ದಳು.

ಶಾಲೆಗಳ ಲೀಗ್ ಶುರುವಾಯಿತು. ಆರು ಶಾಲೆಗಳು, ಪ್ರತಿಯೊಬ್ಬರಿಗೂ ಐದು ಪಂದ್ಯ, ಮೇಲಿನ ಇಬ್ಬರಿಗೆ ಫೈನಲ್, ಗೆದ್ದವರಿಗೆ ಮುಂದಿನ ತಿಂಗಳ ದೊಡ್ಡ ಪಂದ್ಯಾವಳಿ. ಈ ಶಾಲೆ ಅದನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಮೊದಲ ಎರಡು ಪಂದ್ಯಗಳಲ್ಲಿ ಅಂಟು ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ, ಮೇಷ್ಟ್ರು ತಮ್ಮ ಕಿವಿಯ ಮೇಲಿನ ಪೆನ್ಸಿಲ್ ಎರಡು ಸಲ ಕಳೆದುಕೊಂಡು ಎರಡು ಸಲ ಕುಣಿದರು.

ಮೂರನೆಯ ಪಂದ್ಯದ ವಾರ ಕ್ಲಬ್ಬಿನವರು ಅಭ್ಯಾಸ ಹೆಚ್ಚಿಸಿದ್ದರು. ನಾಲ್ಕು ದಿನ ಎಡೆಬಿಡದೆ ನೀಲಿ. ಐದನೆಯ ದಿನ ಶಾಲೆಯ ಪಂದ್ಯ. ಆಟ ಮುಗಿಯಲು ಹತ್ತು ನಿಮಿಷವಿತ್ತು, ಗೋಲು ಇಬ್ಬರಿಗೂ ಇರಲಿಲ್ಲ, ಎದುರು ಶಾಲೆಯ ಹುಡುಗಿಯರು ಊಟದ ಡಬ್ಬಿ ಬಡಿದು ಗದ್ದಲ ಎಬ್ಬಿಸುತ್ತಿದ್ದರು. ಒಂದು ಚೆಂಡು ಎತ್ತರಕ್ಕೆ ಬಂತು, ಅಂಟುವಿಗೂ ಕಂಬನಿಗೂ ನಡುವೆ ಇಳಿಯುವ ಹಾಗೆ. ಅಂಟು ಗೋಲಿನ ಗೆರೆ ಬಿಟ್ಟು ಮುಂದೆ ಓಡಿ ಕೂಗಿದಳು. ಚೆಂಡು ಹೇಗೂ ಅವಳ ಕೈಗೆ ಬರುತ್ತಿತ್ತು. ಆದರೆ ಅವಳಿಗೆ ಬೆನ್ನು ಮಾಡಿದ್ದ ಕಂಬ ಇದ್ದಕ್ಕಿದ್ದಂತೆ ಕಾಲು ಬೀಸಿದಳು. ಚೆಂಡು ಅವಳ ಮೊಣಕಾಲ ಕೆಳಗೆ ತಗುಲಿ ಹಿಂದಕ್ಕೆ ಚಿಮ್ಮಿ, ಅಂಟುವಿನ ತಲೆಯ ಮೇಲಿಂದ ಹಾದು, ಖಾಲಿ ಗೋಲಿನೊಳಗೆ ನಿಧಾನವಾಗಿ ಉರುಳಿತು. ಅಷ್ಟು ನಿಧಾನವಾಗಿ ಒಳಗೆ ಹೋದ ಚೆಂಡನ್ನು ಅಂಟು ತನ್ನ ಆಯುಸ್ಸಿನಲ್ಲಿ ನೋಡಿರಲಿಲ್ಲ. ಪಂದ್ಯ ಆ ಒಂದು ಗೋಲಿಗೇ ಹೋಯಿತು.

ಮೇಷ್ಟ್ರು ಬೈಯುವವರಲ್ಲ, ಅದೇ ಕಷ್ಟ. ಮುಂದಿನ ಪಂದ್ಯಕ್ಕೆ ನೀನು ಹೊರಗೆ ಕೂತು ನೋಡು ಎಂದು ಕಂಬನಿಗೆ ಮೆಲ್ಲಗೆ ಹೇಳಿದರು. ಕಂಬ ತಲೆಯಾಡಿಸಿದಳು. ಅವಳಿಗೆ ತನ್ನ ಕಾಲೇ ತಪ್ಪಿತು ಎಂದು ಖಾತ್ರಿಯಿತ್ತು. ಒದೆಯಲು ಹೇಳಿದರು, ಒದ್ದೆ, ಸರಿಯಾಗಿ ತಾಗಲಿಲ್ಲ. ಅಂಟುವಿಗೂ ಹಾಗೆಯೇ ಅನಿಸಿತ್ತು. ಮನೆಗೆ ನಡೆಯುವಾಗ ಅವಳು ಹೆಗಲು ತಟ್ಟಿ, ಯಾರಿಗಾದರೂ ಆಗುವುದೇ ಎಂದು ದೊಡ್ಡ ಮನಸ್ಸು ಮಾಡಿ ಸಮಾಧಾನ ಹೇಳಿದಳು. ಆ ಸಮಾಧಾನ ನೆನಪಾದರೆ ಅವಳಿಗೆ ಆಮೇಲೆ ಎಷ್ಟೋ ದಿನ ಮುಖ ಬಿಸಿಯಾಗುತ್ತಿತ್ತು.

ಮರುದಿನ ಬೆಳಿಗ್ಗೆ ಕ್ಲಬ್ಬಿನಲ್ಲಿ ಅಭ್ಯಾಸ. ಅಂಥದೇ ಎತ್ತರದ ಚೆಂಡು ಬಂತು. ಅಂಟು ಮುಂದೆ ಓಡಿ ಬಿಡು ಎಂದು ಕೂಗಿದಳು, ಅವಳ ಮುಂದಿದ್ದ ಹುಡುಗಿ ಪಕ್ಕಕ್ಕೆ ಸರಿದಳು, ಚೆಂಡು ಕೈಗೆ ಬಂತು. ಹಿಡಿದವಳು ಹಾಗೆಯೇ ನಿಂತುಬಿಟ್ಟಳು. ಅವಳ ಕಿವಿಯಲ್ಲಿ ನಿನ್ನೆಯ ತನ್ನದೇ ದನಿ ಕೇಳಿಸುತ್ತಿತ್ತು. ನಿನ್ನೆಯೂ ಇದೇ ಓಟ, ಇದೇ ಕೂಗು, ಇದೇ ಪದ. ಕಂಬನ ಕಾಲು ತಪ್ಪಿರಲಿಲ್ಲ. ಗೋಲ್‌ಕೀಪರ್ ಬಿಡು ಎಂದಳು, ನಾಲ್ಕು ವರ್ಷದಿಂದ ಕಲಿತ ಹಾಗೆ ಅವಳು ಬಿಟ್ಟಳು. ಗೋಲು ಹೊಡೆದದ್ದು ಅಂಟುವಿನ ಬಾಯಿ. ಚೆಂಡು ವಾಪಸ್ ಕೊಡು ಎಂದು ಕೊಕ್ಕೆ ಮೇಡಂ ಎರಡು ಸಲ ಕೂಗಬೇಕಾಯಿತು.

ವಾಪಸ್ಸು ಬರುವಾಗ ಅವಳು ಎರಡೂ ಬಸ್ಸಿನಲ್ಲಿ ಪುಸ್ತಕ ತೆರೆಯಲಿಲ್ಲ. ಯಾರಿಗೂ ಗೊತ್ತಿಲ್ಲ, ಆ ಡಬ್ಬಿಯ ಗದ್ದಲದಲ್ಲಿ ಮೇಷ್ಟ್ರಿಗೆ ಕೇಳಿಸಿರಲಿಕ್ಕಿಲ್ಲ, ಕಂಬನಿಗೇ ತಿಳಿದಿಲ್ಲ. ಹೇಳಿದರೆ ಒಪ್ಪಂದವಿದೆ, ಒಂದನ್ನು ಆರಿಸಬೇಕು. ಹೇಳದಿದ್ದರೆ ಒಂದು ಪಂದ್ಯ ಕಂಬ ಹೊರಗೆ ಕೂರುತ್ತಾಳೆ, ಆಮೇಲೆ ಎಲ್ಲರೂ ಮರೆಯುತ್ತಾರೆ. ಲೆಕ್ಕ ಹಾಕಿದರೆ ಸುಮ್ಮನಿರುವುದೇ ಲಾಭ. ಹಾಗೆ ಲೆಕ್ಕ ಹಾಕಿದ್ದಕ್ಕೇ ಅವಳಿಗೆ ತನ್ನ ಮೇಲೆ ಅಸಹ್ಯ ಬಂತು. ಅಲ್ಲಿಯ ತನಕ ಅವಳಿಗೆ ತಾನೆಂದರೆ ಬಹಳ ಇಷ್ಟವಿತ್ತು, ಅದನ್ನು ಕಳೆದುಕೊಳ್ಳಲು ಮನಸ್ಸು ಬರಲಿಲ್ಲ.

ಮನೆಗೆ ಬಂದಾಗ ಅಪ್ಪ ಒಂದು ಹೊಸ ಸೀಟಿನ ತಪ್ಪಿದ ಹೊಲಿಗೆ ಬಿಚ್ಚುತ್ತ ಕೂತಿದ್ದ. ಇಡೀ ಅಂಚು ಬಿಚ್ಚಬೇಕು, ಒಂದು ಗಂಟೆಯ ಕೆಲಸ. ಮೇಲೊಂದು ಸಾಲು ಹೊಲಿದು ಮುಚ್ಚಿಬಿಡಬಾರದೇ ಎಂದು ಅಂಟು ಕೇಳಿದಳು. ಸೀಟಿನ ಮಾತಾಡುತ್ತಿದ್ದಾಳೆಂದು ಅಪ್ಪ ನಂಬಿದ.

"ಮುಚ್ಚಬಹುದು, ಕಾಣಿಸಲ್ಲ," ಎಂದ. "ಆದ್ರೆ ಕೂತವರಿಗೆ ಚುಚ್ಚುತ್ತೆ. ನಿಮ್ಮಮ್ಮನ ಸೀಟಲ್ಲಿ ಒಂದು ಸಲ ಹಾಗೆ ಮಾಡಿದ್ದೆ, ಇವತ್ತಿಗೂ ಕೇಳ್ತಾ ಇದ್ದೀನಿ."

ಸೋಮವಾರ ಮೊದಲ ಗಂಟೆ ಹೊಡೆಯುವ ಮುಂಚೆ ಅಂಟು ಕಂಬನ ಕೈಹಿಡಿದು ಎಳೆದುಕೊಂಡು ಪ್ರಯೋಗಾಲಯಕ್ಕೆ ಹೋದಳು. ಮೇಷ್ಟ್ರು ಪ್ರನಾಳಗಳನ್ನು ತೊಳೆದು ಬೋರಲು ಹಾಕುತ್ತಿದ್ದರು. ಅಂಟು ಕೂರದೆ, ಪೀಠಿಕೆ ಹಾಕದೆ ಎಲ್ಲವನ್ನೂ ಹೇಳಿದಳು. ಕ್ಲಬ್ಬಿನಲ್ಲಿ ಬಿಡು ಎಂದರೆ ಏನು, ಶುಕ್ರವಾರ ತಾನು ಏನು ಕೂಗಿದೆ, ಅದನ್ನು ಕೇಳಿ ಕಂಬ ಏನು ಮಾಡಬೇಕೋ ಅದನ್ನೇ ಮಾಡಿದಳು ಎಂಬುದು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಬೇರೆ ಕಡೆಯವರೆಲ್ಲ ಹಾಗೆಯೇ ಕೂಗುತ್ತಾರೆಯೇ ಎಂದು ಕೇಳಿದರು. ಹೌದೆಂದಳು. ಅದು ಕಳೆದುಹೋದ ಮೂವತ್ತು ಪುಟದಲ್ಲಿ ಇದ್ದಿರಬೇಕು ಎಂದು ಅವರು ಸ್ವಲ್ಪ ನಾಚಿಕೊಂಡರು.

ಕಂಬ ಆ ಕ್ಷಣವೇ ತಂಡಕ್ಕೆ ವಾಪಸ್ಸಾದಳು. ಒಪ್ಪಂದದ ವಿಷಯಕ್ಕೆ ಬಂದಾಗ ಮೇಷ್ಟ್ರು ಬಹಳ ಹೊತ್ತು ಒಂದೇ ಪ್ರನಾಳ ತೊಳೆದರು. ಹತ್ತು ಹುಡುಗಿಯರ ಕಾಲಿನ ಅಭ್ಯಾಸವನ್ನು ಲೀಗ್ ಮುಗಿಯಲು ಉಳಿದ ಮೂರು ವಾರದಲ್ಲಿ ಬದಲಿಸಲಾಗುವುದಿಲ್ಲ, ಒಬ್ಬಳ ನಾಲಿಗೆಯನ್ನು ಬದಲಿಸಬಹುದು ಎಂದು ಕೊನೆಗೆ ಲೆಕ್ಕ ಮಾಡಿದರು.

"ನೀನಾಗೇ ಬಂದು ಹೇಳಿದೆ. ಅದಕ್ಕೆ ಒಂದು ಅವಕಾಶ," ಎಂದರು. "ಇನ್ನೊಂದು ಸಲ ನನ್ನ ಮೈದಾನದಲ್ಲಿ ಆ ಪದ ಆ ಅರ್ಥದಲ್ಲಿ ಬಂದ್ರೆ ಮುಗೀತು. ಅವತ್ತೇ ಆರಿಸ್ಕೋಬೇಕು."

ಅಂಟು ಒಪ್ಪಿದಳು. ಹೊರಗೆ ಬಂದ ಮೇಲೆ ಕಂಬ ನಿಂತಳು. "ಎರಡು ದಿನ ನಂಗೆ ಊಟ ಸೇರ್ಲಿಲ್ಲ," ಎಂದಳು. ಅಷ್ಟೇ ಹೇಳಿ ಉದ್ದ ಹೆಜ್ಜೆ ಹಾಕಿ ಹೋದಳು. ಆ ವಾರವೆಲ್ಲ ಅವಳು ಒಬ್ಬಳೇ ಮನೆಗೆ ನಡೆದಳು. ಮುಂದಿನ ವಾರ ಮತ್ತೆ ಎರಡು ಹೆಜ್ಜೆ ಮುಂದೆ ನಡೆಯತೊಡಗಿದಳು, ಮಾತು ಮಾತ್ರ ಇನ್ನೂ ಕಡಿಮೆಯಾಗಿತ್ತು. ಕ್ಷಮಿಸಿದ್ದಾಳೋ ಇಲ್ಲವೋ ಎಂದು ಹಿಂದಿನಿಂದ ಬರುವವಳಿಗೆ ತಿಳಿಯುತ್ತಿರಲಿಲ್ಲ, ಬೆನ್ನಿನಲ್ಲಿ ಅದೆಲ್ಲ ಕಾಣುವುದಿಲ್ಲ.

ಅಂಟು ಕೈಕಟ್ಟಿ ಕೂರುವ ಜಾತಿಯಲ್ಲ. ನಾಲಿಗೆಗೆ ಅಭ್ಯಾಸ ಬೇಕೆಂದರೆ ಅಭ್ಯಾಸ ಮಾಡಿಸಿದರಾಯಿತು. ಅಪ್ಪನನ್ನು ಅಟ್ಟ ಹತ್ತಿಸಿದಳು. ಅವನು ಬಿಳಿ ದಾರದ ಉರುಳೆ ಎಸೆದರೆ ಅದು ಶಾಲೆ, ಹಿಡಿಯುತ್ತ ನಂದು ಎನ್ನಬೇಕು. ನೀಲಿ ಎಸೆದರೆ ಕ್ಲಬ್ಬು, ಬಿಡು ಎನ್ನಬೇಕು. ದಿನಕ್ಕೆ ಐವತ್ತು ಉರುಳೆ. ಕೆಳಗೆ ಕಾಯುತ್ತಿದ್ದ ಟ್ಯಾಕ್ಸಿ ಚಾಲಕರು ಮೊದಲು ಹೆದರಿದರು, ಆಮೇಲೆ ಅಂಕ ಎಣಿಸತೊಡಗಿದರು. ಅಮ್ಮನೂ ಸೇರಿಕೊಂಡಳು. ಬೆಳಿಗ್ಗೆ ತಟ್ಟೆ ಚಾಚುತ್ತ ಮುನ್ಸೂಚನೆಯಿಲ್ಲದೆ ಶಾಲೆ ಎನ್ನುತ್ತಿದ್ದಳು, ಮಗಳು ನಂದು ಎಂದು ಕಿರುಚಿದರೆ ಮಾತ್ರ ತಟ್ಟೆ ಕೈಗೆ. ಒಂದು ಸಲ ಬಸ್ಸಿನಲ್ಲಿ ಖಾಲಿಯಾದ ಸೀಟು ಕಂಡು ಅಂಟು ನಂದು ಎಂದು ಕೂಗಿಬಿಟ್ಟಳು, ಕೂರಲು ಬಗ್ಗಿದ್ದ ಗಂಭೀರ ಮನುಷ್ಯರೊಬ್ಬರು ಹಾಗೆಯೇ ನೆಟ್ಟಗಾಗಿ ಕ್ಷಮೆ ಕೇಳಿದರು.

ಕ್ಲಬ್ಬಿನಲ್ಲೂ ಒಂದು ದಿನ ನಂದು ಎಂದು ಬಾಯಿಗೆ ಬಂದು ಐದು ಸುತ್ತು ಓಡುವ ಶಿಕ್ಷೆಯಾಯಿತು. ಓಡಿ ಬಂದವಳಿಂದ ಕೊಕ್ಕೆ ಮೇಡಂ ಕಾರಣವನ್ನೆಲ್ಲ ಕೇಳಿ ತಿಳಿದುಕೊಂಡಳು. ಪತ್ರ ಹರಿಯುವ ಮಾತಾಡಲಿಲ್ಲ. ನಿನ್ನ ಕೈ ಎರಡು ತಂಡಕ್ಕೆ ಸಾಕು, ಬಾಯಿ ಸಾಕಾ ನೋಡಬೇಕು ಎಂದಳು. ಅವಳ ಬಾಯಿಂದ ಬಂದ ಮಾತುಗಳಲ್ಲಿ ಹೊಗಳಿಕೆಗೆ ಅತ್ಯಂತ ಹತ್ತಿರದ್ದು ಅದು, ಅಂಟು ಅದನ್ನು ಅಪ್ಪನಿಗೆ ಎರಡು ಸಲ ಹೇಳಿದಳು.

ನಾಲ್ಕನೆಯ ಪಂದ್ಯದಲ್ಲಿ ಏಳು ಸಲ ನಂದು ಎಂದು ಕೂಗಿದಳು, ಏಳೂ ಸರಿ. ಐದನೆಯದರಲ್ಲಿ ಒಂಬತ್ತು, ಒಂಬತ್ತೂ ಸರಿ. ಎರಡನ್ನೂ ಗೆದ್ದು ಶಾಲೆ ಫೈನಲ್ ತಲುಪಿತು. ಅಂಟುವಿನ ನಡಿಗೆಗೆ ಹಳೆಯ ಗತ್ತು ವಾಪಸ್ಸು ಬಂತು. ಫೈನಲ್ಲಿನ ಹಿಂದಿನ ದಿನ ಕ್ಲಬ್ಬಿನ ಪಂದ್ಯವೂ ಇತ್ತು. ಅದನ್ನೂ ಆಡಿದಳು, ಅಲ್ಲಿಯ ಪದವನ್ನು ಅಲ್ಲಿಯ ಹಾಗೆ ಇಪ್ಪತ್ತು ಸಲ ಕೂಗಿದಳು, ಗೆದ್ದು ಬಂದು ಗಡದ್ದಾಗಿ ಉಂಡು ಮಲಗಿದಳು.

ಫೈನಲ್ ಅವರ ಶಾಲೆಯ ಮೈದಾನದಲ್ಲೇ ನಡೆಯಿತು. ದ್ವಿತೀಯಾರ್ಧದಲ್ಲಿ ಅಂಟುವಿನ ಪಾಲಿಗೆ ಬಂದದ್ದು ಆ ತಗ್ಗಿರುವ ಬಲಗಡೆಯ ಗೋಲು, ಎದುರಿಗೆ ಇಳಿಬಿಸಿಲು. ಶಾಲೆ ಒಂದು ಗೋಲಿನಿಂದ ಮುಂದಿತ್ತು. ಮೇಷ್ಟ್ರು ನಿಂತಲ್ಲಿ ನಿಲ್ಲಲಾರದೆ ಮೈದಾನ ಸುತ್ತುತ್ತ ಅವಳ ಗೋಲಿನ ಹಿಂದೆ ಬಂದು ಬಲೆ ಹಿಡಿದು ನಿಂತಿದ್ದರು. ಕೊನೆಯ ನಿಮಿಷ. ಎದುರಾಳಿಗಳು ಇದ್ದವರೆಲ್ಲ ಮುಂದೆ ನುಗ್ಗಿದರು, ಒಂದು ಚೆಂಡು ಎತ್ತರಕ್ಕೆ ಎದ್ದು ಬಿಸಿಲಿನಿಂದ ಹೊರಬಂದು ಅಂಟುವಿಗೂ ಕಂಬನಿಗೂ ನಡುವೆ, ನೇರ ಆ ತಗ್ಗಿಗೆ ಇಳಿಯತೊಡಗಿತು. ಅಂಟು ಗೆರೆ ಬಿಟ್ಟು ಓಡಿದಳು. ಮೂರು ವಾರ, ದಿನಕ್ಕೆ ಐವತ್ತು ಉರುಳೆ, ಅಮ್ಮನ ತಟ್ಟೆ, ಯಾವುದೂ ಆ ಕ್ಷಣ ಅವಳ ಗಂಟಲಿನ ಸಹಾಯಕ್ಕೆ ಬರಲಿಲ್ಲ.

"ಬಿಡು!"

ಕೂಗಿದ ಮರುಗಳಿಗೆಯೇ ಅವಳಿಗೆ ಕೇಳಿಸಿತು. ಮುಂದೆ ಕಂಬನ ಬೆನ್ನು, ಒದೆಯಲು ಹಿಂದಕ್ಕೆ ಎತ್ತಿದ ಕಾಲು. ಆ ಕಾಲು ಗಾಳಿಯಲ್ಲಿ ನಿಂತಿತು. ಆಮೇಲೆ ಸುಮ್ಮನೆ ಕೆಳಗಿಳಿಯಿತು, ಕಂಬ ಅಷ್ಟೂ ಉದ್ದದ ಮೈಯನ್ನು ಪಕ್ಕಕ್ಕೆ ಬಾಗಿಸಿದಳು, ಅವಳಿದ್ದ ಜಾಗದಿಂದ ಚೆಂಡು ಬಂದು ಅಂಟುವಿನ ಕೈಯಲ್ಲಿ ಕೂತಿತು. ಅವಳು ಅದನ್ನು ಎದೆಗವಚಿಕೊಂಡು ನೆಲಕ್ಕೆ ಬಿದ್ದಳು. ಬಿದ್ದಲ್ಲಿಯೇ ಕೊನೆಯ ಸೀಟಿ ಕೇಳಿಸಿತು.

ಒಂಬತ್ತು ಜನ ಬಂದು ಮೇಲೆ ಬಿದ್ದರು, ಯಾರೋ ಅತ್ತರು, ಯಾರದೋ ಮೊಣಕೈ ಅಂಟುವಿನ ಕಿವಿಗೆ ತಗುಲಿತು. ಅವಳು ಆ ರಾಶಿಯ ಅಡಿಯಿಂದ ತೆವಳಿ ಬಂದು ಕಂಬನನ್ನು ಹುಡುಕಿದಳು. ಕಂಬ ಗೋಲಿನ ಕಂಬಕ್ಕೇ ಒರಗಿ ಕಾಲಿನ ಪಟ್ಟಿ ಬಿಚ್ಚುತ್ತಿದ್ದಳು.

"ನಾನು ಬಿಡು ಅಂದೆ," ಎಂದಳು ಅಂಟು.

"ಕೇಳಿಸ್ತು."

"ಮತ್ತೆ ಯಾಕೆ ಒದೀಲಿಲ್ಲ?"

ಕಂಬ ಪಟ್ಟಿಯನ್ನು ನೀಟಾಗಿ ಸುತ್ತಿದಳು. "ಮೂರು ವಾರದಿಂದ ನೀನೊಬ್ಳೇ ಅಭ್ಯಾಸ ಮಾಡಿದೆ ಅಂದ್ಕೊಂಡ್ಯಾ? ಹಿಂದಿನಿಂದ ನಿನ್ನ ದನಿ ಬಂದ್ರೆ ಪಕ್ಕಕ್ಕೆ ಸರಿಯೋದು, ಅಷ್ಟೇ ನನ್ನ ಅಭ್ಯಾಸ. ಈ ಎರಡು ವಾರ ದಿನಾ ಮನೆಗೆ ಹೋಗ್ತಾ ಮಾಡ್ತಿದ್ದೆ, ನೀನು ಹಿಂದಿನಿಂದ ಏನೇನೋ ಮಾತಾಡ್ತಾ ಬರ್ತಿದ್ಯಲ್ಲ. ಪದ ಯಾವುದಾದ್ರೆ ನಂಗೇನು?"

ಅಂಟು ಕಣ್ಣು ತುಂಬಿಕೊಂಡು, ಚೆಂಡಿನ ಸಮೇತ ಅವಳನ್ನು ಅಪ್ಪಿಕೊಂಡಳು. ಇಬ್ಬರ ನಡುವೆ ಚೆಂಡಿದ್ದ ಕಾರಣ ಅಪ್ಪುಗೆ ಅಷ್ಟೇನೂ ಚೆನ್ನಾಗಿ ಆಗಲಿಲ್ಲ.

ಇನ್ನು ಮೇಷ್ಟ್ರು. ಪದ ಬಂದದ್ದಂತೂ ಬಂತು, ಅದೇ ಮೈದಾನ, ಅದೇ ಅರ್ಥ. ಗೆದ್ದರೆಂದು ಒಪ್ಪಂದ ಬದಲಾಗುವುದಿಲ್ಲ. ಮುಂದಿನ ತಿಂಗಳ ಪಂದ್ಯಾವಳಿಯ ಗೋಲು, ಕ್ಲಬ್ಬಿನ ಗೋಲು, ಎರಡರಲ್ಲಿ ಒಂದರ ಮುಂದೆ ಅವಳು ಇನ್ನು ನಿಲ್ಲುವಂತಿಲ್ಲ, ಅದು ಯಾವುದೆಂದು ಇವತ್ತೇ ಹೇಳಬೇಕು. ಎರಡರ ಹೆಸರನ್ನೂ ಮನಸ್ಸಿನಲ್ಲಿ ಹೇಳಿ ನೋಡಿದಳು, ಯಾವುದಕ್ಕೂ ಬಾಯಿ ಏಳಲಿಲ್ಲ. ಆದರೂ ಹೋದಳು. ಮೇಷ್ಟ್ರು ಗೋಲಿನ ಹಿಂದೆ ಬಗ್ಗಿ ಶಾಲೆಯ ಚೆಂಡುಗಳನ್ನು ಬಲೆಯ ಚೀಲಕ್ಕೆ ತುಂಬುತ್ತ ಎಣಿಸುತ್ತಿದ್ದರು. ಐದಿದ್ದವು. ಆರಿರಬೇಕಿತ್ತು.

"ಸರ್, ಒಪ್ಪಂದ," ಎಂದಳು. "ಕೊನೇ ಚೆಂಡಿಗೆ ನಾನು ಕೂಗಿದ್ದು..."

"ನಾನು ಇಲ್ಲೇ ನಿಂತಿದ್ದೆ," ಎಂದರು ಮೇಷ್ಟ್ರು.

ಹಾಗಾದರೆ ಕೇಳಿಸಿದೆ. ಅಂಟು ಬೆನ್ನು ನೆಟ್ಟಗೆ ಮಾಡಿ ಕಾದಳು. ಮೇಷ್ಟ್ರು ಮತ್ತೊಮ್ಮೆ ಐದೂ ಚೆಂಡು ಎಣಿಸಿದರು. ನಾಳೆ ಕ್ಲಬ್ಬಿನಲ್ಲಿ ಅಭ್ಯಾಸ ಎಷ್ಟು ಹೊತ್ತಿಗೆ ಎಂದು ಕೇಳಿದರು. ಆರೂವರೆಗೆ ಎಂದಳು. ನಮ್ಮದು ಮಂಗಳವಾರ, ಎಂದಿನ ಹಾಗೆ, ತಡ ಮಾಡಬೇಡ ಎಂದರು.

"ಸರ್, ಆದ್ರೆ ನಾನು ಆ ಪದ..."

"ಹೋಗ್ಲಿ, ಬಿಡು," ಎಂದು ಮೇಷ್ಟ್ರು ಚೀಲದ ಬಾಯಿ ಅಗಲಿಸಿ ಅವಳ ಮುಂದೆ ಹಿಡಿದರು.

ಶಾಲೆಯ ಬಿಡು ಒಂದು, ಕ್ಲಬ್ಬಿನ ಬಿಡು ಒಂದು. ಇದು ಯಾವುದೆಂದು ಅಂಟುವಿಗೆ ಒಂದು ಗಳಿಗೆ ಹೊಳೆಯಲಿಲ್ಲ. ಮೇಷ್ಟ್ರು ಚೀಲ ಹಿಡಿದು ತಾಳ್ಮೆಯಿಂದ ನಿಂತೇ ಇದ್ದರು, ಅವರ ದೃಷ್ಟಿ ಅವಳ ಕೈಯ ಮೇಲಿತ್ತು. ಅವಳೂ ತಲೆ ಬಗ್ಗಿಸಿ ನೋಡಿದಳು. ಆರನೆಯ ಚೆಂಡನ್ನು ಅವಳು ಇನ್ನೂ ಎದೆಗೆ ಒತ್ತಿ ಹಿಡಿದುಕೊಂಡೇ ಇದ್ದಳು.

ಬಿಟ್ಟಳು.